ಹಡಗಿನ ಚಿತ್ರ ಹಾಕಿ, ಕೂವೆಮರ ಕತ್ತರಿಸಬೇಡಿ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹಳೇ ಹಡಗಿನ ಚಿತ್ರಗಳ ಬಗ್ಗೆ ಬರೆದಿದ್ದೀರಿ, ಖುಷಿಯಾಯಿತು. ಆದರೆ ಲೇಖನ ಪೂರ್ತಿ ಬೆಳಕು, ಮೌನ, ಕಡಲಿನ ಶಾಂತಿ ಅಂತಲೇ ಹೋಗಿದೆ. ಹಡಗಿನ ಬಗ್ಗೆ ಎರಡು ಸಾಲೂ ಇಲ್ಲ. ಸಾಲದ್ದಕ್ಕೆ ಪುಟಕ್ಕೆ ಹೊಂದಿಸಲು ಹೋಗಿ ಚಿತ್ರದಲ್ಲಿ ಕೂವೆಮರದ, ಅಂದರೆ ಹಾಯಿ ಏರಿಸುವ ಎತ್ತರದ ಕಂಬದ, ತುದಿಯನ್ನೇ ಹಾರಿಸಿಬಿಟ್ಟಿದ್ದೀರಿ!

ಆ ಕಾಲದ ಗಿರಾಕಿ ಇದನ್ನು ಕಂಡಿದ್ದರೆ ದುಡ್ಡೇ ಕೊಡುತ್ತಿರಲಿಲ್ಲ. ಇಂಥ ಎಷ್ಟೋ ಚಿತ್ರಗಳನ್ನು ಬರೆಸಿದವರು ಹಡಗಿನ ಮಾಲೀಕರು, ಕ್ಯಾಪ್ಟನ್‌ಗಳು. ಹೊಸ ಲಾರಿ ತಗೊಂಡವರು ಅದರ ಫೋಟೋ ತೆಗೆಸಿ ಗೋಡೆಗೆ ಹಾಕುತ್ತಾರಲ್ಲ, ಹಾಗೆ. ಅದಕ್ಕೇ ಹಡಗು ಪಕ್ಕದಿಂದ ಉದ್ದಕ್ಕೂ ಕಾಣಬೇಕು, ಕಂಪನಿಯ ಬಾವುಟ ಎದ್ದು ಕಾಣಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಅದಕ್ಕೆ ತಕ್ಕ ಹಾಗೆ ಹಾಯಿ ಕಟ್ಟುವ ಅಡ್ಡಮರಗಳು ಎಷ್ಟು ತಿರುಗಿವೆ, ಯಾವ ಹಾಯಿ ಬಿಚ್ಚಿದೆ, ಯಾವುದು ಸುತ್ತಿದೆ, ಯಾವ ಹಗ್ಗ ಬಿಗಿ, ಯಾವುದು ಸಡಿಲ, ಇಷ್ಟೂ ಒಂದಕ್ಕೊಂದು ತಾಳೆಯಾಗಬೇಕು. ವರ್ಷಗಟ್ಟಲೆ ಅದೇ ಹಡಗಿನಲ್ಲಿ ಬದುಕಿದವನ ಕಣ್ಣಿಗೆ ಒಂದು ಹಗ್ಗ ತಪ್ಪಿದರೂ ಗೊತ್ತಾಗುತ್ತೆ, ಅಲ್ವಾ? ಕೆಲವು ಚಿತ್ರಕಾರರು ಒಂದೇ ಚಿತ್ರದಲ್ಲಿ ಅದೇ ಹಡಗನ್ನು ಎರಡು ಕೋನದಿಂದ ಬರೆದುಕೊಟ್ಟದ್ದೂ ಇದೆ. ಕಡಲಿನಲ್ಲಿ ಅದು ಸಾಧ್ಯವಿಲ್ಲ, ನಿಜ. ಗಿರಾಕಿಗೆ ಬೇಕಿತ್ತು, ಬರೆದರು.

ನೀವು ಹೆಸರಿಸಿದ ಚಿತ್ರಕಾರನ ವಿಷಯಕ್ಕೆ ಬರುತ್ತೇನೆ. ಅವನು ಫಿಟ್ಸ್ ಹ್ಯೂ ಲೇನ್ ಅಲ್ಲ, ಫಿಟ್ಸ್ ಹೆನ್ರಿ ಲೇನ್. ಹಳೇ ಪುಸ್ತಕಗಳಲ್ಲೆಲ್ಲ ತಪ್ಪೇ ಇದೆ, 2005ರಲ್ಲಿ ಅದು ಬಯಲಾಯಿತು. 1804ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ಲಾಸ್ಟರ್ ಬಂದರಿನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ಕಾಲಿನ ಶಕ್ತಿ ಹೋಯಿತು, ಊರುಗೋಲೇ ಗತಿ. ಬಾಸ್ಟನ್ನಿನ ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಮುದ್ರಿಸುವ) ಪ್ರೆಸ್ಸಿನಲ್ಲಿ ಪಳಗಿದ ಕೈ, ಗೆರೆ ಅಷ್ಟು ಸಣ್ಣಗೆ, ಖಚಿತವಾಗಿ ಬರುವುದು ಅದಕ್ಕೇ. ಇಂಗ್ಲೆಂಡಿನಿಂದ 1828ರಲ್ಲಿ ಬಾಸ್ಟನ್ನಿಗೆ ಬಂದ ರಾಬರ್ಟ್ ಸಾಮನ್‌ನ ಚಿತ್ರಗಳನ್ನು ನೋಡಿಯೂ ಕಲಿತ. ಆಮೇಲೆ ಊರಿಗೆ ವಾಪಸ್ ಬಂದು ಬಂದರು ಕಾಣುವ ಹಾಗೆ ಕಲ್ಲಿನ ಮನೆ ಕಟ್ಟಿಸಿದ. ಮನೆ ಇವತ್ತಿಗೂ ಇದೆ.

ಅವನ 'ಸದರ್ನ್ ಕ್ರಾಸ್' ಚಿತ್ರ ಸೇಲಂನ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿದೆ. 1851ರಲ್ಲಿ ಬರೆದಾಗ ಆ ಹೆಸರಿನ ಹಡಗು ಹೊಚ್ಚ ಹೊಸ ಕ್ಲಿಪ್ಪರ್, ಅಂದರೆ ವೇಗದ ಹಾಯಿಹಡಗು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ, ಎಲ್ಲರಿಗೂ ಅಲ್ಲಿಗೆ ಓಡುವ ಅವಸರ. ನ್ಯೂಯಾರ್ಕಿನಿಂದ ಕೇಪ್ ಹಾರ್ನ್ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೋ ಸೇರಲು ಮಾಮೂಲಿ ಹಡಗಿಗೆ ಆರು ತಿಂಗಳೂ ಆಗುತ್ತಿತ್ತು. ಅದೇ ವರ್ಷ 'ಫ್ಲೈಯಿಂಗ್ ಕ್ಲೌಡ್' ಅನ್ನುವ ಕ್ಲಿಪ್ಪರ್ 89 ದಿನಗಳಲ್ಲಿ ಮುಟ್ಟಿತು. ಅಷ್ಟು ಎತ್ತರಕ್ಕೆ ಹಾಯಿ ಏರಿಸಿದ್ದು ಚೆಂದಕ್ಕಲ್ಲ, ಬೇಗ ಹೋದರೆ ಲಾಭ ಜಾಸ್ತಿ. ನೀವು ಕತ್ತರಿಸಿದ್ದು ಅದನ್ನೇ! ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ದಕ್ಷಿಣದ ರಾಜ್ಯಗಳವರು 'ಸದರ್ನ್ ಕ್ರಾಸ್' ಅನ್ನು ಹಿಡಿದು ಸುಟ್ಟುಹಾಕಿದರು.

ಇನ್ನು ನೀವು ಹೊಗಳಿದ 'ಶಾಂತಿ'. ಈ ಹಡಗುಗಳ ಹಿಂದಿದ್ದದ್ದು ವ್ಯಾಪಾರ. ಬಾಸ್ಟನ್ನಿನ ಕೆಲವು ದೊಡ್ಡ ದೊಡ್ಡ ವ್ಯಾಪಾರಿಗಳು ಚೀನಾಕ್ಕೆ ಅಫೀಮು ಸಾಗಿಸಿ ದುಡ್ಡು ಮಾಡಿದವರು. 1833ರಲ್ಲಿ ಅದೇ ಬಂದರಿನಿಂದ 'ಟಸ್ಕನಿ' ಅನ್ನುವ ಹಡಗು ಕಲ್ಕತ್ತಾಕ್ಕೆ ಮಂಜುಗಡ್ಡೆ ಹೊತ್ತು ತಂದಿತ್ತು. ಸುಮ್ನೆ ಬೆಳಕನ್ನು ಹೊಗಳುವ ಬದಲು ಇದನ್ನೂ ಒಂದು ವಾರ ಬರೆಯಿರಿ. ಚಿತ್ರ ಮಾತ್ರ ಪೂರ್ತಿ ಹಾಕಿ, ಅಗತ್ಯ ಬಿದ್ದರೆ ಲೇಖನ ಕತ್ತರಿಸಿ.

ನಿಮ್ಮ ಓದುಗ