ಒಬ್ಬಳೇ ಹೋಗಿ ತಿನ್ನು, ಪುಟ್ಟಿ

ಸಾಗರ
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಕೈ ಸೇರಿತು. ಕೆಲಸದ ವಿಚಾರ, ಕೋಣೆಯ ಬಾಡಿಗೆಯ ವಿಚಾರ ಎಲ್ಲವನ್ನೂ ನಿನ್ನಪ್ಪ ಫೋನಿನಲ್ಲಿ ಹೇಳಿದ್ದ. ಅದನ್ನು ಮತ್ತೆ ಎತ್ತುವುದಿಲ್ಲ. ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಎರಡು ಸಾಲು ಬರೆದಿದ್ದೀಯಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ. ಹೋಟೆಲಿನಲ್ಲಿ ಒಬ್ಬಳೇ ಕುಳಿತರೆ ‘ಪಾಪ, ಇವಳಿಗೆ ಯಾರೂ ಇಲ್ಲ’ ಎಂದು ಜನ ನೋಡುತ್ತಾರೆ ಅನಿಸುತ್ತದೆ, ಅದಕ್ಕೇ ಎಲ್ಲವನ್ನೂ ಮೊಬೈಲಿನಲ್ಲಿ ತರಿಸಿಕೊಂಡು ಬಾಗಿಲು ಹಾಕಿ ತಿನ್ನುತ್ತೇನೆ ಎಂದಿದ್ದೀಯ. ಬೆಂಗಳೂರಿನಲ್ಲಿದ್ದುಕೊಂಡು!

ನಿನ್ನನ್ನು ಗದರಲು ಕುಳಿತಿಲ್ಲ. ನನಗೂ ಆ ಭಯವಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಕಾಲದಲ್ಲಿ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮು’ ಎಂದು ಒಂದಿರುತ್ತಿತ್ತು. ಹೆಂಗಸರು ಹೊಸಿಲು ದಾಟಿದ ಕೂಡಲೇ ಮಾಣಿ ಅತ್ತ ಕೈ ತೋರಿಸುತ್ತಿದ್ದ. ಹಲಗೆಯ ಗೋಡೆ, ಕೈ ಒರೆಸಿ ಒರೆಸಿ ಮಾಸಿದ ಪರದೆ. ಹೊರಗೆ ಲೋಟಗಳ ಸದ್ದು, ರಾಜಕೀಯ, ನಗು. ಒಳಗೆ ನಾವು ಪಿಸುಮಾತಿನಲ್ಲಿ ಪೂರಿ ತಿನ್ನುವುದು. ನೀನು ಬಾಗಿಲು ಹಾಕಿಕೊಳ್ಳುತ್ತೀ ಎಂದು ಓದಿದಾಗ ಆ ಪರದೆ ಕಣ್ಣಿಗೆ ಬಂತು. ನಮ್ಮನ್ನು ಬೇರೆಯವರು ಒಳಗೆ ಕೂರಿಸಿದ್ದರು. ನಿನ್ನನ್ನು ಯಾರು ಕೂರಿಸಿದ್ದಾರೆ?

ನಿನ್ನ ಅಜ್ಜಿ ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದ ಕಥೆ ನಿನಗೆ ಗೊತ್ತೇ ಇದೆ. ಆ ಸಲ ಗಾಂಧಿ ಬಜಾರಿನಲ್ಲಿ ನಡೆದು ಹೋಗುವಾಗ ವಿದ್ಯಾರ್ಥಿ ಭವನವೆಂಬ ದೋಸೆ ಹೋಟೆಲಿನ ಮುಂದೆ ಕಾವಲಿಯ ವಾಸನೆಗೆ ನಿಂತುಬಿಟ್ಟಳು. ‘ಒಳಗೆ ಕೂತು ತಿನ್ನೋಣವೇ?’ ಎಂದು ನಮ್ಮಪ್ಪನನ್ನು ಕೇಳಿದಳು. ‘ಆ ನೂಕುನುಗ್ಗಲಿನಲ್ಲಿ ನಿನಗೇಕೆ’ ಎಂದು ಅಪ್ಪ ಕಟ್ಟಿಸಿಕೊಂಡು ಬಂದರು. ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ ಬಾಳೆಎಲೆಯೊಳಗೆ ದೋಸೆ ಬೆವತು ಮೆತ್ತಗಾಗಿತ್ತು. ಪಲ್ಯ ಒಂದು ಮೂಲೆಗೆ ಜಾರಿತ್ತು, ಚಟ್ನಿ ಕಾಗದಕ್ಕೆ ಇಳಿದಿತ್ತು. ಅಜ್ಜಿ ಚೆನ್ನಾಗಿದೆ ಎನ್ನುತ್ತಲೇ ತಿಂದಳು. ಮತ್ತೆ ಬೆಂಗಳೂರಿಗೆ ಬರಲೇ ಇಲ್ಲ. ಅಂದು ಸಂಬಳ ತರುತ್ತಿದ್ದವಳು ನಾನು, ಮರುದಿನ ಅವಳ ಕೈ ಹಿಡಿದು ಕರೆದುಕೊಂಡು ಹೋಗಬಹುದಿತ್ತು. ಇರಲಿ, ಈಗ ಹೇಳಿ ಏನು ಬಂತು.

ಅವಳು ಹೋದ ಮೇಲೆ, ಬಹಳ ವರ್ಷಗಳಾದ ಮೇಲೆ, ನಾನೊಬ್ಬಳೇ ಅಲ್ಲಿಗೆ ಹೋದೆ. 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗೆಂದು ಶುರುವಾದ ಜಾಗ, ಅದಕ್ಕೇ ಆ ಹೆಸರು. ಗೋಡೆಯ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳು; ಮಾಣಿ ಒಂದೇ ತೋಳಿನ ಮೇಲೆ ಭುಜದವರೆಗೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುತ್ತಾನೆ. ಗೊತ್ತಿಲ್ಲದವರ ಎದುರು ಕೂರಬೇಕು. ನನ್ನ ಎದುರಿದ್ದ ಹಿರಿಯರು ತಲೆ ಎತ್ತಿ ನನ್ನತ್ತ ನೋಡಿದರು. ಎದೆ ಧಸಕ್ಕೆಂದಿತು. ‘ಇನ್ನೊಂದು ಈಗಲೇ ಹೇಳಿಬಿಡಿ, ಅವನು ಮತ್ತೆ ಈ ಕಡೆ ಬರುವುದು ತಡ’ ಎಂದು ಹೇಳಿ ತಮ್ಮ ದೋಸೆಗೆ ಮರಳಿದರು. ಜನ ನೋಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ ಪುಟ್ಟಿ. ನೋಡುತ್ತಾರೆ. ನೋಡುವುದು ಇಂಥದ್ದಕ್ಕೆ.

ಆದರೂ ಭಯವೆನ್ನುವುದು ಹೇಳಿದ ಮಾತಿಗೆ ಹೋಗುವುದಿಲ್ಲ, ಗೊತ್ತು. ಹಾಗಾಗಿ ಮೊದಲು ಕೂರುವ ಹೋಟೆಲೇ ಬೇಡ, ನಿಂತು ತಿನ್ನುವ ಕಡೆ ಹೋಗು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಅದಕ್ಕಿಂತ ಹೆಚ್ಚು ಕೇಳಬೇಡ. ಸಾಂಬಾರು ಕೊಡುವುದಿಲ್ಲ, ಚಟ್ನಿಯನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಬೀದಿಯ ಅಂಚಿನಲ್ಲಿ ನಿಂತವರ ಕೈಯಲ್ಲೆಲ್ಲ ತುಂಬಿದ ತಟ್ಟೆ. ಚಟ್ನಿ ಅಂಗಿಗೆ ಚೆಲ್ಲದಂತೆ ನೋಡಿಕೊಳ್ಳುವುದೇ ಸಾಕಾಗಿರುತ್ತದೆ, ಪಕ್ಕದವಳು ಒಂಟಿಯೋ ಜಂಟಿಯೋ ಎಂದು ಎಣಿಸಲು ಪುರುಸೊತ್ತೆಲ್ಲಿ? ಮಲ್ಲೇಶ್ವರದ ವೀಣಾ ಸ್ಟೋರ್ಸ್ ಮುಂದೆಯೂ ಹೀಗೆಯೇ. ಅಲ್ಲಿನ ಇಡ್ಲಿ ನನಗೆ ತುಸು ಹೆಚ್ಚೇ ಇಷ್ಟ, ಆದರೆ ಇದನ್ನು ಶಂಕರಪುರ, ಗಾಂಧಿ ಬಜಾರಿನ ಕಡೆಯ ಬಸವನಗುಡಿಯವರ ಎದುರು ಹೇಳಬೇಡ.

ಆಮೇಲೆ ಧೈರ್ಯ ಬಂದಾಗ ಲಾಲ್‌ಬಾಗ್ ರಸ್ತೆಯ ಎಂಟಿಆರ್, ಅಂದರೆ ಮಾವಳ್ಳಿ ಟಿಫಿನ್ ರೂಮ್ಸ್ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದು ಅವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದರಿಂದಲೇ ರವೆ ಇಡ್ಲಿ ಹುಟ್ಟಿತು ಎನ್ನುತ್ತಾರೆ. ಅದನ್ನು ಬಿಸಿಯಲ್ಲೇ ಮುರಿದು, ಪುಟ್ಟ ಬಟ್ಟಲಿನ ತುಪ್ಪ ಸುರಿದುಕೊಂಡು ತಿನ್ನಬೇಕು. ಡಬ್ಬಿಯಲ್ಲಿ ಬಂದದ್ದು ಬೇರೆಯೇ ಪದಾರ್ಥ. ಕಾಯಬೇಕಾಗುತ್ತದೆ. ಆದರೆ ನಾಲ್ಕು ಜನರ ಸಂಸಾರ ಜಾಗಕ್ಕೆ ಕಾಯುತ್ತಿರುವಾಗ ಒಂದೇ ಕುರ್ಚಿ ಖಾಲಿಯಾದರೆ ಅದು ಯಾರಿಗೆ ಸಿಗುತ್ತದೆ, ನೀನೇ ಯೋಚಿಸು.

ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರು, ಶಂಕರಪುರ, ವಿ.ವಿ. ಪುರದ ತಿಂಡಿ ಬೀದಿ ಎಲ್ಲವೂ ನಡೆಯುವ ದೂರ. ಅವರೆಕಾಯಿ ಕಾಲದಲ್ಲಿ ಆ ಬೀದಿಯಲ್ಲಿ ಹಿದುಕಿದ ಬೇಳೆ ಹಾಕಿದ ದೋಸೆ ಸಿಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮಾಡಿದ್ದಿಲ್ಲ, ನೀನು ತಿಂದು ಹೇಳಬೇಕು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ನೆನಪಿಟ್ಟುಕೋ. ನನ್ನ ಪಟ್ಟಿಯೆಲ್ಲ ಹಳೆಯದು ಎಂದು ನಗುತ್ತೀಯೇನೋ, ನಗು. ಜೊತೆಗೆ ಸಿಕ್ಕುವವರು ಸಿಕ್ಕಲಿ, ಬೇಡ ಎನ್ನುವುದಿಲ್ಲ. ಅವರು ಸಿಗುವವರೆಗೆ ಬಾಗಿಲು ಹಾಕಿಕೊಂಡು ಕಾಯಬೇಡ ಎಂದಷ್ಟೇ ನನ್ನ ಮಾತು.

ಈ ಪತ್ರವನ್ನು ನಿನ್ನಪ್ಪನಿಗೆ ತೋರಿಸಬೇಡ. ಹೊರಗಿನ ತಿಂಡಿ ಎಂದರೆ ಅವನಿಗೆ ಇಲ್ಲಿಂದಲೇ ಹೊಟ್ಟೆ ಕೆಡುತ್ತದೆ. ನಿನ್ನ ಖಾತೆಗೆ ಐನೂರು ರೂಪಾಯಿ ಹಾಕಿಸಿದ್ದೇನೆ. ಅದರಲ್ಲಿ ಪಾರ್ಸಲ್ ತರಿಸಿದೆಯೋ, ದೀಪಾವಳಿಗೆ ಬಂದಾಗ ವಾಪಸು ಕೇಳುತ್ತೇನೆ.

ಇಂತು,
ನಿನ್ನ ಅತ್ತೆ