ಕಮೋರ್ ಊರಿನ ಕಳ್ಳರ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

"ಕಳ್ಳರ ಕಥೆ ಓದಿ ಇಷ್ಟೊಂದು ಖುಷಿಪಡೋಕೆ ಅದರಲ್ಲಿ ಏನಿದೆ ಮಾರಾಯ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಇದು. ಮೋಸಹೋಗಿ ಬ್ಯಾಂಕಿಗೆ ಓಡಿಬರುವವರ ಮುಖ ದಿನಾ ನೋಡುವವನು ನೀನು. ನಿನಗೆ ಹಾಗನ್ನಿಸಿದ್ದು ಸರಿಯೇ. ಆದರೂ ಪೂರ್ತಿ ಕೇಳು.

ಪುಸ್ತಕ ಸ್ಕಾಟ್ ಲಿಂಚ್ ಅವರ 'ದಿ ಲೈಸ್ ಆಫ್ ಲಾಕ್ ಲಮೋರಾ'. 2006ರಲ್ಲಿ ಬಂತು, ಅವರ ಮೊದಲ ಕಾದಂಬರಿ. ಕಥೆ ನಡೆಯುವುದು ಕಮೋರ್ ಅನ್ನುವ ಕಾಲ್ಪನಿಕ ಊರಿನಲ್ಲಿ. ವೆನಿಸ್ ಥರ ಎಲ್ಲಿ ನೋಡಿದರೂ ಕಾಲುವೆ. ಮನುಷ್ಯರು ಬರುವುದಕ್ಕೆ ಮುಂಚೆ ಇನ್ಯಾರೋ ಅಲ್ಲಿ ಗಾಜಿನ ಗೋಪುರ, ಸೇತುವೆ ಎಲ್ಲ ಕಟ್ಟಿ, ಹೇಳದೆ ಕೇಳದೆ ಮಾಯವಾಗಿದ್ದಾರೆ. ಹೊತ್ತು ಮುಳುಗಿದ ಮೇಲೆ ಆ ಗಾಜು ಸ್ವಲ್ಪ ಹೊತ್ತು ತಾನೇ ಬೆಳಗುತ್ತದೆ. ಒಂದು ಕಡೆ ಗಾಜಿನ ಗುಲಾಬಿ ತೋಟವೇ ಇದೆ, ಮುಟ್ಟಿದರೆ ಕೈ ಕೊಯ್ದು ರಕ್ತ ಹೀರುವ ಗುಲಾಬಿ. ಕಟ್ಟಿದವರು ಯಾರು, ಎಲ್ಲಿ ಹೋದರು ಅನ್ನುವುದನ್ನು ಲೇಖಕರು ಬಿಡಿಸಿ ಹೇಳುವುದಿಲ್ಲ. ಬೇರೆಯವರಾಗಿದ್ದರೆ ಅದರ ಪುರಾಣವನ್ನೇ ನೂರು ಪುಟ ಕೊರೆಯುತ್ತಿದ್ದರು.

ಲಾಕ್ ಅಲ್ಲಿನ ಅನಾಥ ಹುಡುಗ. ಕಳ್ಳಮಕ್ಕಳನ್ನು ಸಾಕುವವನೊಬ್ಬ ಇವನ ಕಾಟ ತಡೆಯಲಾರದೆ ಫಾದರ್ ಚೇನ್ಸ್ ಎಂಬ ಪೂಜಾರಿಗೆ ಮಾರಿಬಿಡುತ್ತಾನೆ. ಈ ಚೇನ್ಸ್ ಗುಡಿಯ ಮೆಟ್ಟಿಲ ಮೇಲೆ ಕುರುಡನ ವೇಷದಲ್ಲಿ, ಮೈಗೆ ಸರಪಳಿ ಬಿಗಿದುಕೊಂಡು ಕೂತಿರುತ್ತಾನೆ. ಜನ ಅಯ್ಯೋ ಪಾಪ ಅಂತ ಕಾಸು ಹಾಕುತ್ತಾರೆ. ಗುಡಿಯ ಕೆಳಗೆ ಇಳಿದರೆ ಬೇರೆಯೇ ಲೋಕ. ಅಲ್ಲಿ ಅವನು ಹುಡುಗರಿಗೆ ಅಡುಗೆ ಕಲಿಸುತ್ತಾನೆ, ಲೆಕ್ಕ ಕಲಿಸುತ್ತಾನೆ, ಬೇರೆ ಬೇರೆ ಭಾಷೆ, ದೊಡ್ಡವರ ಮನೆಯ ಊಟದ ರೀತಿನೀತಿ ಎಲ್ಲವನ್ನೂ ಕಲಿಸುತ್ತಾನೆ. ಶ್ರೀಮಂತರನ್ನು ದೋಚಬೇಕಾದರೆ ಅವರ ಪಂಕ್ತಿಯಲ್ಲಿ ಕೂರಲು ಬರಬೇಕಲ್ಲ! ನಾನು ಈ ಹುಡುಗರಿಗೆ ಸೋತದ್ದು ಇಲ್ಲಿಯೇ. ಲಾಕ್, ಕನ್ನಡಕದ ಜೀನ್, ಅವಳಿಗಳಾದ ಕಾಲೊ ಮತ್ತು ಗಾಲ್ಡೊ, ಎಲ್ಲರಿಗಿಂತ ಚಿಕ್ಕವನು ಬಗ್. ಒಬ್ಬರನ್ನೊಬ್ಬರು ಸದಾ ಹೀಯಾಳಿಸುತ್ತಾರೆ, ಬೈದಾಡುತ್ತಾರೆ, ಒಬ್ಬನಿಗೆ ಏಟು ಬಿದ್ದರೆ ಮಿಕ್ಕವರು ಜೀವ ಬಿಡಲು ತಯಾರು. ತಮಾಷೆಯೆಂದರೆ ಕದ್ದ ದುಡ್ಡನ್ನು ಏನು ಮಾಡಬೇಕು ಅಂತಲೇ ಇವರಿಗೆ ಗೊತ್ತಿಲ್ಲ. ರಾಶಿ ಹಾಕಿ ಇಟ್ಟಿದ್ದಾರೆ, ಅಷ್ಟೇ.

ಈಗ ನಿನ್ನ ತಕರಾರಿಗೆ ಬರುತ್ತೇನೆ. ಇವರು ಹೂಡುವ ದೊಡ್ಡ ಆಟ ಸಾಲ್ವಾರಾ ಅನ್ನುವ ಶ್ರೀಮಂತನ ಮೇಲೆ. ಲಾಕ್ ಹೊರದೇಶದ ಬ್ರಾಂಡಿ ವ್ಯಾಪಾರಿಯ ವೇಷ ಹಾಕಿ ಅವನಿಂದ ಹಣ ಹೂಡಿಸುತ್ತಾನೆ. ಒಂದು ರಾತ್ರಿ ಸಾಲ್ವಾರಾ ಮನೆಯೊಳಗೇ ಇಬ್ಬರು ಕಾದಿರುತ್ತಾರೆ. ನಾವು ಗುಪ್ತ ಪೊಲೀಸರು, ನಿನ್ನ ವ್ಯಾಪಾರಿ ಅಸಲಿಗೆ ಕಳ್ಳ, ಅವನಿಗೆ ಅನುಮಾನ ಬರಬಾರದು, ಕೇಳಿದಷ್ಟು ಹಣ ಕೊಡುತ್ತಲೇ ಇರು, ಆಮೇಲೆ ನಾವು ಹಿಡಿಯುತ್ತೇವೆ ಅನ್ನುತ್ತಾರೆ. ಹಾಗೆ ಹೇಳಿದವನು ಯಾರು ಗೊತ್ತಾ? ಅದೇ ಲಾಕ್! ಮೋಸ ನಡೀತಿದೆ ಅಂತ ಮೋಸಗಾರನೇ ಬಂದು ಹೇಳಿ, ದುಡ್ಡು ನಿಲ್ಲದ ಹಾಗೆ ನೋಡಿಕೊಳ್ಳುತ್ತಾನೆ. ಓದುತ್ತಾ ಚಪ್ಪಾಳೆ ತಟ್ಟಿದೆ. ಮರುಕ್ಷಣ ನಮ್ಮ ದೊಡ್ಡಪ್ಪ ನೆನಪಾದರು. ವಿಡಿಯೋ ಕಾಲಿನಲ್ಲಿ ಖಾಕಿ ಹಾಕಿ ಕೂತಿದ್ದವನನ್ನು ನಿಜವಾದ ಪೊಲೀಸ್ ಅಂತ ನಂಬಿ ಎಫ್‌ಡಿ ಮುರಿಸಿದರಲ್ಲ. ಅವತ್ತು ಅವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದ್ದು ನೀನೇ. ಆ ಖಾಕಿಯವನ ಮೇಲೆ ನನಗೆ ಇವತ್ತಿಗೂ ಒಂದು ಚೂರು ಪ್ರೀತಿಯಿಲ್ಲ.

ಹಾಗಾದರೆ ಲಾಕ್ ಮೇಲೆ ಯಾಕೆ? ಲೇಖಕರು ಇಲ್ಲಿ ಸುಲಭದ ದಾರಿ ಹಿಡಿದಿಲ್ಲ, ಅದಕ್ಕೆ. ಸಾಲ್ವಾರಾನನ್ನು ಕೆಟ್ಟವನನ್ನಾಗಿ ಮಾಡಿದ್ದರೆ ನಮಗೆ ಹಾಯಾಗಿರುತ್ತಿತ್ತು. ಆದರೆ ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ಹೆಂಡತಿ ಸೋಫಿಯಾ ಕಿತ್ತಳೆ ಹಣ್ಣಿನೊಳಗೇ ಮದ್ಯ ತುಂಬಿಬರುವ ಗಿಡ ಬೆಳೆಸಿದ ಜಾಣೆ. ಓದುತ್ತಾ ಹೋದ ಹಾಗೆ ಕಳ್ಳರು ಗೆಲ್ಲಲಿ ಅಂತಲೂ ಅನ್ನಿಸುತ್ತದೆ, ಈ ಜೋಡಿ ಹಾಳಾಗದಿರಲಿ ಅಂತಲೂ ಅನ್ನಿಸುತ್ತದೆ. ಕೊನೆಗೆ ಲಾಕ್ ಇವರ ಮುಂದೆ ವೇಷವಿಲ್ಲದೆ ನಿಲ್ಲಬೇಕಾಗುತ್ತದೆ. ಅದನ್ನು ನೀನೇ ಓದು.

ಮುಂದೆ ಹೋದ ಹಾಗೆ ಕಥೆ ಕತ್ತಲಿಗೆ ತಿರುಗುತ್ತದೆ. ಗ್ರೇ ಕಿಂಗ್ ಅಂತ ಒಬ್ಬ ಬರುತ್ತಾನೆ, ಅವನ ಬೆನ್ನಿಗೊಬ್ಬ ಬಾಡಿಗೆ ಮಾಂತ್ರಿಕ. ಒಂದು ಪೀಪಾಯಿಯ ಪ್ರಸಂಗವಿದೆ, ಊಟ ಮಾಡುತ್ತಾ ಅದನ್ನು ಓದಬೇಡ. ಅಲ್ಲಿಯವರೆಗೆ ನಗಿಸಿದವರಿಗೆ ಏನೇನೋ ಆಗುತ್ತದೆ, ಇನ್ನು ಹೇಳುವುದಿಲ್ಲ. ಈ ಕಳ್ಳರಿಗೂ ಒಬ್ಬ ದೇವರಿದ್ದಾನೆ, ಊರವರ ಹನ್ನೆರಡು ದೇವರುಗಳ ಆಚೆಗಿನ ಹೆಸರಿಲ್ಲದ ಹದಿಮೂರನೆಯವನು. ಜೊತೆಗಾರ ಸತ್ತರೆ ಅವನ ಹೆಸರಿನಲ್ಲಿ ಕದ್ದ ಮಾಲನ್ನು ಈ ದೇವರಿಗೆ ಬಿಟ್ಟುಕೊಡಬೇಕು, ತಾವು ಅನುಭವಿಸುವ ಹಾಗಿಲ್ಲ. ನಮ್ಮ ಸಂಸ್ಕೃತ ನಾಟಕ 'ಮೃಚ್ಛಕಟಿಕ'ದ ಕಳ್ಳ ಶರ್ವಿಲಕನಿಗೆ ಇದು ಪಕ್ಕಾ ಅರ್ಥವಾಗುತ್ತಿತ್ತು ಬಿಡು. ಅವನೂ ಕಾರ್ತಿಕೇಯನಿಗೆ ಕೈಮುಗಿದು, ಜನಿವಾರದಿಂದ ಗೋಡೆ ಅಳೆದು ಕನ್ನ ಕೊರೆದವನಲ್ವಾ?

ತಪ್ಪುಗಳೂ ಇವೆ. ಕಥೆ ಬಿಸಿಯೇರಿದಾಗಲೆಲ್ಲ ನಿಲ್ಲಿಸಿ ಬಾಲ್ಯಕ್ಕೆ ಹೋಗುತ್ತದೆ, ಒಮ್ಮೊಮ್ಮೆ ಸಿಟ್ಟೇ ಬಂತು. ಲಾಕ್ ಪ್ರೀತಿಸಿದ ಸಬೇಥಾ ಈ ಪುಸ್ತಕದಲ್ಲಿ ಬರೀ ಹೆಸರು. ಅವಳನ್ನು ನೋಡಲು 2013ರ ಮೂರನೇ ಭಾಗದವರೆಗೆ ಕಾಯಬೇಕು. ನಡುವಿನದು 2007ರಲ್ಲೇ ಬಂದಿತ್ತು, ಅದರಲ್ಲಿ ಸಮುದ್ರ, ಹಡಗು, ಕಡಲ್ಗಳ್ಳರು.

ಪುಸ್ತಕವನ್ನು ಈ ವಾರ ಕೊರಿಯರ್ ಮಾಡುತ್ತೇನೆ. ಮೊದಲ ನೂರು ಪುಟ ಸ್ವಲ್ಪ ತಾಳ್ಮೆಯಿಂದ ಓದು. ಗುಪ್ತ ಪೊಲೀಸರ ಆಟ ಮುಗಿದ ಮೇಲೂ ಲಾಕ್ ನಿನಗೆ ಇಷ್ಟವಾಗದಿದ್ದರೆ ಪುಸ್ತಕ ಅಲ್ಲಿಗೇ ಮುಚ್ಚಿಡು, ನಾನು ಮತ್ತೆ ಆ ಮಾತೆತ್ತುವುದಿಲ್ಲ. ಇಷ್ಟವಾದರೆ ಮಾತ್ರ ಎರಡನೇ ಭಾಗ ನೀನೇ ಕೊಂಡು, ಓದಿಯಾದ ಮೇಲೆ ನನಗೆ ಕಳಿಸು.

ಇಂತಿ ನಿನ್ನ ಗೆಳೆಯ