ಹುಬ್ಬಳ್ಳಿ ಚೇತರಿಸಿಕೊಳ್ಳಬೇಕಾದರೆ ಬಿಲ್ ದುಡ್ಡು ಟೈಮಿಗೆ ಬರಲಿ: ಸಣ್ಣ ಕೈಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಣ್ಣ ಕೈಗಾರಿಕೆ ಸಚಿವರಿಗೆ,

ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಲೋಹ ಕಡೆಯುವ ಐದು ಲೇತ್, ಎರಡು ಡ್ರಿಲ್ಲಿಂಗ್ ಮಷಿನ್, ಐದಾರು ಜನ ಕೆಲಸಗಾರರು. ಪೈಪಿನಲ್ಲಿ ಹರಿವನ್ನು ತೆರೆದು ಮುಚ್ಚುವ ವಾಲ್ವ್ ತಯಾರಿಸುವ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತೇವೆ. ಎರಕ ಹೊಯ್ದ ವಾಲ್ವ್ ಬಾಡಿ ಅವರ ಕಡೆಯಿಂದ ಬರುತ್ತದೆ. ನಾವು ಟರ್ನಿಂಗ್, ಡ್ರಿಲ್ಲಿಂಗ್ ಮುಗಿಸಿ ವಾಪಸ್ ಕಳಿಸುತ್ತೇವೆ. ಹುಬ್ಬಳ್ಳಿಯ ವಾಲ್ವ್‌ಗಳು ತೈಲ ಶುದ್ಧೀಕರಣ ಘಟಕಗಳಿಗೆ, ವಿದ್ಯುತ್ ಸ್ಥಾವರಗಳಿಗೆ ಹೋಗುತ್ತವೆ. ಇದು ಊರಿನ ಹೊರಗೆ ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮ ಶೆಡ್ಡುಗಳ ಸಾಲಿನಲ್ಲಿ ಕೆಲಸ ಎಷ್ಟಿದೆ ಅಂತ ತಿಳಿಯಬೇಕಾದರೆ ಚಹಾ ತರುವ ಅಣ್ಣನ ಉದ್ರಿ ಪುಸ್ತಕ ನೋಡಿದರೆ ಸಾಕು. 2020ಕ್ಕೆ ಮೊದಲು ಅವರು ದಿನಕ್ಕೆ ಮೂರು ಸಲ ಕೆಟಲ್ ಹಿಡಿದು ಬರುತ್ತಿದ್ದರು. ಆ ವರ್ಷ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಏಪ್ರಿಲ್‌ನಲ್ಲಿ ಕಚ್ಚಾ ತೈಲದ ಬೆಲೆ ನೆಲ ಕಚ್ಚಿತು. ಅಮೆರಿಕದಲ್ಲಂತೂ ಒಂದು ದಿನ ಸೊನ್ನೆಗಿಂತ ಕೆಳಗೆ ಹೋಯಿತು. ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬಹುದು. ತೈಲ ಕಂಪನಿಗಳು ಕೈ ಬಿಗಿ ಹಿಡಿದರೆ ವಾಲ್ವ್ ಆರ್ಡರ್ ನಿಲ್ಲುತ್ತದೆ, ವಾಲ್ವ್ ನಿಂತರೆ ನಮ್ಮ ಲೇತ್ ನಿಲ್ಲುತ್ತದೆ. ಆ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಆರ್ಥಿಕತೆಯೇ ಹೆಚ್ಚುಕಡಿಮೆ ಕಾಲುಭಾಗದಷ್ಟು ಕುಗ್ಗಿತ್ತು. ಅತ್ತ ಧಾರವಾಡದಲ್ಲಿ ಕಾಲೇಜು, ಹಾಸ್ಟೆಲ್ ಮುಚ್ಚಿದವು. ವಿದ್ಯಾರ್ಥಿಗಳನ್ನೇ ನಂಬಿದ್ದ ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಈಗ ಆರ್ಡರ್ ವಾಪಸ್ ಬಂದಿವೆ. ಅದನ್ನು ಮುಚ್ಚಿಡುವುದಿಲ್ಲ. ಊರಿಗೂ ಒಳ್ಳೆಯದು ಬಹಳ ಆಗಿದೆ. 2023ರಲ್ಲಿ ನಮ್ಮ ಸ್ಟೇಷನ್‌ಗೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಂತು. ಅದೇ ವರ್ಷ ಬೆಂಗಳೂರಿಗೆ ವಂದೇ ಭಾರತ್ ರೈಲು ಶುರುವಾಯಿತು. ಧಾರವಾಡದಲ್ಲಿ ಐಐಟಿ ಇದೆ, ಬಸ್ ತಯಾರಿಸುವ ದೊಡ್ಡ ಕಾರ್ಖಾನೆ ಇದೆ. 2011ರ ಜನಗಣತಿಯಲ್ಲೇ ನಮ್ಮ ಅವಳಿ ನಗರದ ಜನಸಂಖ್ಯೆ 9.43 ಲಕ್ಷ ಇತ್ತು. ಬೆಳೆಯಲು ಬೇಕಾದದ್ದೆಲ್ಲ ಇಲ್ಲಿದೆ.

ಆದರೂ ಚಹಾದ ಅಣ್ಣ ಈಗ ಎರಡೇ ಸಲ ಬರುತ್ತಾರೆ. ಆರ್ಡರ್ ಇದ್ದರೂ ಶೆಡ್ಡುಗಳಲ್ಲಿ ಜನ ಕಡಿಮೆ.

ಯಾಕೆ ಅಂತ ನನ್ನ ಶಾಪಿನ ಲೆಕ್ಕದಲ್ಲೇ ಹೇಳುತ್ತೇನೆ. ತಿಂಗಳಿಗೆ 3 ಲಕ್ಷದ ಬಿಲ್ ಹಾಕಿದೆ ಅಂತ ಹಿಡಿಯಿರಿ. ಶೇ 18ರಂತೆ 54,000 ರೂಪಾಯಿ ಜಿಎಸ್‌ಟಿಯನ್ನು ಮುಂದಿನ ತಿಂಗಳು 20ನೇ ತಾರೀಖಿಗೆ ಕಟ್ಟಬೇಕು, ಕಂಪನಿ ದುಡ್ಡು ಕೊಟ್ಟಿರಲಿ ಬಿಡಲಿ. ಪಗಾರ ಶನಿವಾರಕ್ಕೆ ಕೊಡಬೇಕು. ಕರೆಂಟ್ ಬಿಲ್ ಕಾಯುವುದಿಲ್ಲ. ಬಿಲ್ ದುಡ್ಡು ಮಾತ್ರ ನಾಲ್ಕು ತಿಂಗಳಾದರೂ ಬರುವುದಿಲ್ಲ. ಅಂದರೆ ಯಾವಾಗಲೂ 12 ಲಕ್ಷ ರೂಪಾಯಿ ಹೊರಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ತುಂಬಿಸಲು ಕೈಗಡ ತರುತ್ತೇವೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೂ 24,000 ಆಯಿತು. ಒಬ್ಬ ಒಳ್ಳೆ ಲೇತ್ ಆಪರೇಟರ್‌ನ ಪಗಾರ ಅದು. ನಾನು ಇನ್ನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದ ದುಡ್ಡು ಬಡ್ಡಿಗೆ ಹೋಗುತ್ತಿದೆ, ಅಷ್ಟೇ.

ಕೋವಿಡ್ ಹೊತ್ತಿನಲ್ಲಿ ಕೇಂದ್ರ ಸರ್ಕಾರ ತುರ್ತು ಸಾಲದ ಯೋಜನೆ ತಂದಿತ್ತಲ್ಲ, ಅಂತ ನೀವು ಹೇಳಬಹುದು. ಅದು ಬಹಳ ಕಾರ್ಖಾನೆಗಳನ್ನು ಉಳಿಸಿತು, ನಿಜ. ಆದರೆ ಮೊದಲು ಸಿಕ್ಕಿದ್ದು ಬ್ಯಾಂಕಿನಲ್ಲಿ ಆಗಲೇ ಇದ್ದ ಸಾಲದ ಶೇ 20ರಷ್ಟು. ಬ್ಯಾಂಕ್ ಸಾಲವೇ ಇಲ್ಲದ, ಕೈಗಡದಲ್ಲಿ ನಡೆಯುತ್ತಿದ್ದ ಶಾಪುಗಳಿಗೆ ಅದರಲ್ಲಿ ಏನೂ ಸಿಗಲಿಲ್ಲ. ನಮ್ಮ ಸಾಲಿನಲ್ಲಿ ಅಂಥವೇ ಜಾಸ್ತಿ.

ಕಾನೂನು ನಮ್ಮ ಪರವಾಗಿಯೇ ಇದೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಡುವವರು ಯಾರು ಹೇಳಿ? ದೂರು ಕೊಟ್ಟ ದಿನವೇ ಮುಂದಿನ ಆರ್ಡರ್ ಬಂದ್. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ.

2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂತು. ಸಣ್ಣ ಉದ್ಯಮಗಳಿಗೆ ಟೈಮಿಗೆ ದುಡ್ಡು ಕೊಡದಿದ್ದರೆ, ಕೊಡುವವರೆಗೆ ಕಂಪನಿ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ, ಅಂದರೆ ಅಷ್ಟಕ್ಕೂ ತೆರಿಗೆ ಕಟ್ಟಬೇಕು. ಇನ್ನು ನಮ್ಮ ಕಷ್ಟ ತೀರಿತು ಅಂದುಕೊಂಡೆವು. ಅದೇ ವರ್ಷ ನಾನು ಕೆಲಸ ಮಾಡಿಕೊಡುವ ಒಂದು ಕಂಪನಿಯ ಪರ್ಚೇಸ್ ವಿಭಾಗದಿಂದ ಫೋನ್ ಬಂತು. "ಉದ್ಯಮ್ ನೋಂದಣಿ ರದ್ದು ಮಾಡಿಸಿಬಿಡ್ರಿ, ನಮಗ ತೊಂದ್ರಿ ಆಗ್ತದ" ಅಂದರು. ಅಂದರೆ ನಾನು ಸಣ್ಣ ಉದ್ಯಮಿ ಅನ್ನುವ ಕಾಗದವನ್ನೇ ಬಿಟ್ಟುಕೊಡಬೇಕು! ಎರಡು ರಾತ್ರಿ ನಿದ್ದೆ ಬರಲಿಲ್ಲ. ರದ್ದು ಮಾಡಿಸಲಿಲ್ಲ. ಅಲ್ಲಿಂದ ಬರುವ ಕೆಲಸ ಅರ್ಧಕ್ಕೆ ಇಳಿಯಿತು.

ನಮ್ಮಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಗದಗ ಕಡೆಯ ಒಬ್ಬ ಆಪರೇಟರ್ ಇದ್ದ. ಕ್ಯಾಲಿಪರ್ ಹಿಡಿಯುವ ಮೊದಲೇ ಬೆರಳಲ್ಲಿ ಸವರಿ ಎಷ್ಟು ಉಳಿದಿದೆ ಅಂತ ಹೇಳುತ್ತಿದ್ದ. ಲಾಕ್‌ಡೌನ್‌ನಲ್ಲಿ ಊರಿಗೆ ಹೋದವನು ಆರು ತಿಂಗಳ ಮೇಲೆ ಬಂದ. ಎರಡು ಶನಿವಾರ ನಾನು ಅರ್ಧ ಪಗಾರ ಕೊಟ್ಟೆ. ಮೂರನೇ ವಾರ, "ಸಾಹೇಬ್ರ, ಪುಣೆಕ್ಕ ಹೊಂಟೇನ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ" ಅಂತ ಹೇಳಿ ಹೋದ. ಅಂಥವರು ಒಮ್ಮೆ ಊರು ಬಿಟ್ಟರೆ ಅವರ ಜೊತೆ ಮನೆ ಬಾಡಿಗೆ, ಕಿರಾಣಿ, ಮಕ್ಕಳ ಶಾಲೆ ಫೀಸು ಎಲ್ಲವೂ ಬೇರೆ ಊರಿಗೆ ಹೋಗುತ್ತದೆ, ಅಲ್ವಾ?

ರಾಜ್ಯ ಸರ್ಕಾರದ 2025-30ರ ಕೈಗಾರಿಕಾ ನೀತಿಯಲ್ಲಿ 20 ಲಕ್ಷ ಉದ್ಯೋಗದ ಗುರಿ ಇದೆ. ಬೆಂಗಳೂರಿನ ಆಚೆಗೆ ಬರುವ ಕಂಪನಿಗಳಿಗೆ ರಿಯಾಯಿತಿ, ಸಬ್ಸಿಡಿ ಇವೆ. ಬರಲಿ, ಸಂತೋಷ. ಆದರೆ ಆ ದುಡ್ಡು ಕೊಡುವಾಗ ಒಂದು ಷರತ್ತು ಹಾಕಿ. ಸಣ್ಣ ಉದ್ಯಮಗಳ ಬಿಲ್‌ಗಳನ್ನು 45 ದಿನದೊಳಗೆ ತೀರಿಸಿದ ಕಂಪನಿಗೆ ಮಾತ್ರ ಆ ವರ್ಷದ ಪ್ರೋತ್ಸಾಹಧನ. ಇದಕ್ಕೆ ನಾವು ದೂರು ಕೊಡಬೇಕಾಗಿಲ್ಲ, ಯಾರ ಹೆಸರೂ ಹೊರಬರಬೇಕಾಗಿಲ್ಲ. 45 ದಿನ ಮೀರಿದ ಬಾಕಿ ಇದ್ದರೆ ಕಂಪನಿಗಳು 2019ರಿಂದ ಆರು ತಿಂಗಳಿಗೊಮ್ಮೆ ಕೇಂದ್ರಕ್ಕೆ ವಿವರ ಸಲ್ಲಿಸಲೇಬೇಕು. ಸಬ್ಸಿಡಿ ಅರ್ಜಿಯ ಜೊತೆ ಅದೇ ಕಾಗದದ ಪ್ರತಿ ಕೇಳಿದರೆ ಸಾಕು.

ಇನ್ನೊಂದು ಮಾತು. ಬಿಲ್ ತೋರಿಸಿ ಬೇಗ ದುಡ್ಡು ಪಡೆಯಲು ಟ್ರೆಡ್ಸ್ ಅಂತ ಆನ್‌ಲೈನ್ ವ್ಯವಸ್ಥೆ ಇದೆ. 250 ಕೋಟಿ ದಾಟಿದ ವಹಿವಾಟಿನ ಕಂಪನಿಗಳು ಅದಕ್ಕೆ ಸೇರುವುದು ಕಡ್ಡಾಯ. ಆದರೆ ಸುಮ್ನೆ ಸೇರಿ ಕೂತರೆ ಏನು ಬಂತು? ನಮ್ಮ ಬಿಲ್ಲನ್ನು ಅವರು ಅಲ್ಲಿ ಒಪ್ಪಿದರೆ ಮಾತ್ರ ದುಡ್ಡು ಸಿಗುತ್ತದೆ. ಸರ್ಕಾರದ ನಿಗಮಗಳು ಮೊದಲು ಹಾಗೆ ಒಪ್ಪಿ ತೋರಿಸಲಿ.

ಈ ಷರತ್ತಿಗೆ ಖಜಾನೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ದಯವಿಟ್ಟು ಮುಂದಿನ ಆದೇಶದಲ್ಲೇ ಸೇರಿಸಿ.

ನನ್ನ ಐದನೇ ಲೇತ್ ಮೇಲೆ ನಾಲ್ಕು ವರ್ಷದಿಂದ ಟಾರ್ಪಾಲು ಹೊದಿಸಿದೆ. ತುಕ್ಕು ಹಿಡಿಯದಿರಲಿ ಅಂತ ತಿಂಗಳಿಗೊಮ್ಮೆ ಎಣ್ಣೆ ಹಾಕಿ ಒರೆಸುತ್ತೇನೆ. ಅದಕ್ಕೆ ಬೇಕಾದಷ್ಟು ಕೆಲಸ ಈಗಲೂ ಇದೆ. ಪುಣೆಯಲ್ಲಿರುವ ಹುಡುಗನ ನಂಬರ್ ಕೂಡ ನನ್ನ ಹತ್ತಿರ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಗೋಕುಲ ರಸ್ತೆಯ ಒಬ್ಬ ಜಾಬ್ ವರ್ಕ್ ಉದ್ಯಮಿ, ಹುಬ್ಬಳ್ಳಿ